ಹೊಕ್ಕುಳದಿಂದ ಮೂತ್ರಕೋಶದ ನೆತ್ತಿಯವರೆಗೆ: ಯುರೇಕಸ್ ಕ್ಯಾನ್ಸರಿನ ಒಂದು ಪ್ರಕರಣ

54 ವರ್ಷದ ಗಂಡಸು. ಮೂರು ತಿಂಗಳಲ್ಲಿ ಎರಡು ಸಲ ಮೂತ್ರ ಕೆಂಪಗೆ ಹೋಗಿದೆ. ನೋವಿಲ್ಲ, ಜ್ವರವಿಲ್ಲ. ಮೊದಲ ಸಲ ಉಷ್ಣ ಇರಬೇಕೆಂದು ಎಳನೀರು, ಜೀರಿಗೆ ನೀರು ಕುಡಿದರು; ಎರಡು ದಿನದಲ್ಲಿ ನಿಂತಿತು. ಎರಡನೆಯ ಸಲ ಸೋಂಕೆಂದು ಐದು ದಿನದ ಆ್ಯಂಟಿಬಯಾಟಿಕ್ ನುಂಗಿದರು, ಆಗಲೂ ನಿಂತಿತು. ಮೂತ್ರಕೋಶದ ಗಡ್ಡೆಯಿಂದ ಬರುವ ರಕ್ತ ತಾನಾಗಿಯೇ ಬಂದು ತಾನಾಗಿಯೇ ನಿಲ್ಲುತ್ತದೆ. ಕುಡಿದದ್ದಕ್ಕೋ ನುಂಗಿದ್ದಕ್ಕೋ ನಿಂತಿತೆಂಬ ನಂಬಿಕೆಯಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. ನಲವತ್ತು ದಾಟಿದವರಲ್ಲಿ ಕಣ್ಣಿಗೆ ಕಾಣುವಂತೆ ರಕ್ತ ಒಂದೇ ಒಂದು ಸಲ ಹೋದರೂ ಸಿಸ್ಟೋಸ್ಕೋಪಿ, ಅಂದರೆ ಮೂತ್ರದ ದಾರಿಯಿಂದ ಸಣ್ಣ ಕ್ಯಾಮರಾ ತೂರಿಸಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ, ಆಗಲೇಬೇಕು.

ಇದು ಒಬ್ಬ ನಿರ್ದಿಷ್ಟ ರೋಗಿಯ ಕಡತವಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಹೇಗೆ ಬರುತ್ತದೋ ಹಾಗೆ ಕಟ್ಟಿಕೊಂಡ ಮಾದರಿ ಪ್ರಕರಣ; ರೋಗಿಯ ಅಳತೆ, ವರದಿಗಳೂ ಆ ಮಾದರಿಯವೇ.

ಆತ ಹೇಳಿದ್ದರಲ್ಲಿ ಇನ್ನೊಂದು ಮಾತಿತ್ತು: ಮೂತ್ರದಲ್ಲಿ ಆಗಾಗ ಲೋಳೆ ಬೀಳುತ್ತದೆ. ಮೂತ್ರವನ್ನು ಗಾಜಿನ ಲೋಟದಲ್ಲಿ ಹತ್ತು ನಿಮಿಷ ಇಟ್ಟರೆ ತಳದಲ್ಲಿ ಬೆಳ್ಳಗಿನ ಎಳೆಗಳು ಕೂರುತ್ತವೆ. ಲೋಟ ಅಲುಗಿಸಿದರೂ ಕೀವಿನ ಹಾಗೆ ಒಡೆದು ಬೆರೆಯುವುದಿಲ್ಲ, ಲೋಳೆಸರದ ಎಲೆ ಮುರಿದಾಗ ಬರುವ ನೂಲಿನ ಹಾಗೆ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತವೆ. ಎಲ್ಲ ರೋಗಿಗಳಲ್ಲೂ ಇದು ಕಾಣುವುದಿಲ್ಲ. ಕಂಡಾಗ ಮಾತ್ರ ತುಂಬಾ ಹೇಳುತ್ತದೆ, ಏಕೆಂದರೆ ಸಾಮಾನ್ಯ ಮೂತ್ರಕೋಶದ ಕ್ಯಾನ್ಸರ್ ಲೋಳೆ ಸುರಿಸುವುದಿಲ್ಲ.

ಗಡ್ಡೆ ಎಲ್ಲಿಂದ ಬಂತು

ಗರ್ಭದಲ್ಲಿರುವಾಗ ಮಗುವಿನ ಮೂತ್ರಕೋಶದ ನೆತ್ತಿಯಿಂದ ಹೊಕ್ಕುಳದವರೆಗೆ ಒಂದು ಕೊಳವೆ ಇರುತ್ತದೆ. ಅದೇ ಯುರೇಕಸ್. ಹುಟ್ಟುವ ಹೊತ್ತಿಗೆ ಅದು ಮುಚ್ಚಿಕೊಂಡು ಹುರಿಯಂಥ ಎಳೆಯಾಗಿ, ಹೊಟ್ಟೆಯ ಮುಂಗೋಡೆಗೂ ಹೊಟ್ಟೆಯ ಒಳಗೆ ಹಾಸಿರುವ ಪೆರಿಟೋನಿಯಂ ಪೊರೆಗೂ ನಡುವೆ ಉಳಿಯುತ್ತದೆ. ಕೆಲವರಲ್ಲಿ ಅದರೊಳಗೆ ಜೀವಕೋಶಗಳ ಪದರ ಅಲ್ಲಲ್ಲಿ ಉಳಿದಿರುತ್ತದೆ. ಕರುಳಿನ ಒಳಪದರದಂತೆ ಮಾರ್ಪಟ್ಟ ಅಂಥ ಕೋಶಗಳಿಂದ ಹುಟ್ಟುವ ಗಡ್ಡೆ ಹೆಚ್ಚಿನ ಪಾಲು ಅಡಿನೊಕಾರ್ಸಿನೋಮಾ (ರಸ ಸುರಿಸುವ ಕೋಶಗಳ ಕ್ಯಾನ್ಸರ್) ಆಗಿರುತ್ತದೆ. ಮೂತ್ರಕೋಶದ ಒಟ್ಟು ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ ಒಂದೂ ಇಲ್ಲ.

ಗಡ್ಡೆ ಹುಟ್ಟುವುದು ಮೂತ್ರಕೋಶದ ಹೊರಗೆ, ಮೇಲ್ಗಡೆ. ಅದು ಗೋಡೆ ಕೊರೆದು ಒಳಗೆ ಇಳಿದ ಮೇಲೆಯೇ ರಕ್ತ ಕಾಣುವುದು. ಸಿಸ್ಟೋಸ್ಕೋಪಿಯಲ್ಲಿ ಈ ರೋಗಿಯ ಮೂತ್ರಕೋಶದ ನೆತ್ತಿಯಲ್ಲಿ ಕಂಡದ್ದು ಹೊರಗಿನಿಂದ ಒತ್ತಿದಂಥ ಒಂದು ಉಬ್ಬು, ಅದರ ತುದಿಯಲ್ಲಿ ಎಂಟು ಮಿಲಿಮೀಟರಿನ ಹುಣ್ಣು, ಹುಣ್ಣಿನಿಂದ ಇಳಿಯುತ್ತಿದ್ದ ಲೋಳೆ. ಉಳಿದ ಕಡೆ ಒಳಪದರ ನುಣುಪಾಗಿ, ತಿಳಿ ಗುಲಾಬಿ ಬಣ್ಣದಲ್ಲಿತ್ತು.

ಟಿಯುಆರ್‌ಬಿಟಿ (ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ ಗಡ್ಡೆ ಕೆರೆಯುವುದು) ಮಾಡಿ ತುಣುಕು ತೆಗೆದರು. ಮೊದಲ ತಪ್ಪು ಆಗುವುದು ಸಾಮಾನ್ಯವಾಗಿ ಇಲ್ಲೇ. ಸಾಮಾನ್ಯ ಮೂತ್ರಕೋಶದ ಗಡ್ಡೆಗೆ ಟಿಯುಆರ್‌ಬಿಟಿಯೇ ಚಿಕಿತ್ಸೆಯ ಮೊದಲ ಹಂತ. ಆಳಕ್ಕೆ ಕೆರೆದು ಪೂರ್ತಿ ತೆಗೆಯುವುದು ರೂಢಿ. ಇಲ್ಲಿ ಕಾಣುವುದು ಗಡ್ಡೆಯ ಮೂಗಿನ ತುದಿ ಮಾತ್ರ, ಮೈಯೆಲ್ಲ ಗೋಡೆಯ ಆಚೆಗಿದೆ. ಎಷ್ಟು ಕೆರೆದರೂ ಮುಗಿಯುವುದಿಲ್ಲ. ಮೇಲಾಗಿ ನೆತ್ತಿಯ ಭಾಗಕ್ಕೆ ಪೆರಿಟೋನಿಯಂ ಅಂಟಿಕೊಂಡೇ ಇರುತ್ತದೆ. ಅಲ್ಲಿ ತೂತು ಬಿದ್ದರೆ ಮೂತ್ರವೂ ಲೋಳೆಯೂ ಕ್ಯಾನ್ಸರ್ ಕೋಶಗಳೂ ನೇರ ಹೊಟ್ಟೆಯೊಳಕ್ಕೆ ಹೋಗುತ್ತವೆ. ಇಂಥ ಜಾಗದಲ್ಲಿ ಟಿಯುಆರ್‌ಬಿಟಿ ಬಯಾಪ್ಸಿಯಷ್ಟೇ: ಎರಡು ಮೂರು ತುಣುಕು, ರಕ್ತ ನಿಲ್ಲಿಸುವುದು, ಹೊರಬರುವುದು. ಹೊಟ್ಟೆಯ ಮೇಲಿನಿಂದ ಸೂಜಿ ಚುಚ್ಚಿ ಬಯಾಪ್ಸಿ ಮಾಡುವುದು ಇನ್ನೂ ಕೆಟ್ಟದ್ದು. ಸೂಜಿ ಹೋದ ದಾರಿಯಲ್ಲಿ ಕೋಶಗಳು ಬೇರೂರಬಹುದು. ಹೊಕ್ಕುಳದಿಂದ ಕೀವು ಬಂತೆಂದು, ಯುರೇಕಸ್‌ನಲ್ಲಿ ಸೋಂಕಾಗಿದೆಯೆಂದು ಕೊಯ್ದು ಕೀವು ತೆಗೆಯುವ ಮುಂಚೆಯೂ ವಯಸ್ಕರಲ್ಲಿ ಒಮ್ಮೆ ಸ್ಕ್ಯಾನ್ ನೋಡುವುದು ಒಳ್ಳೆಯದು.

ವರದಿ ಬಂತು: ಲೋಳೆ ಸುರಿಸುವ ಅಡಿನೊಕಾರ್ಸಿನೋಮಾ. ಲೋಳೆಯ ಕೊಳಗಳಲ್ಲಿ ತೇಲುವ ಕೋಶಗಳ ಗುಂಪುಗಳು. ಸೂಕ್ಷ್ಮದರ್ಶಕದಲ್ಲಿ ಇದು ದೊಡ್ಡಕರುಳಿನ ಕ್ಯಾನ್ಸರಿನಂತೆಯೇ ಕಾಣುತ್ತದೆ. ಕೋಶಗಳಲ್ಲಿನ ಪ್ರೋಟೀನುಗಳನ್ನು ಗುರುತಿಸಲು ಹಾಕುವ ಸಿಕೆ20, ಸಿಡಿಎಕ್ಸ್2 ಬಣ್ಣಗಳು ಎರಡರಲ್ಲೂ ಹಿಡಿಯಬಹುದು. ಬೀಟಾ ಕ್ಯಾಟೆನಿನ್ ಎಂಬ ಪ್ರೋಟೀನು ಕೋಶದ ನ್ಯೂಕ್ಲಿಯಸ್ಸಿನಲ್ಲಿ ಕಂಡರೆ ಕರುಳಿನ ಕಡೆ ಅನುಮಾನ ಹೆಚ್ಚಬೇಕು. ಆದರೂ ಬಣ್ಣಗಳನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಹಾಗಾಗಿ ಕ್ಯಾಮರಾದಿಂದ ದೊಡ್ಡಕರುಳು ನೋಡುವ ಕೊಲೊನೋಸ್ಕೋಪಿ ಆಗಲೇಬೇಕು. ಹೆಂಗಸರಲ್ಲಿ ಅಂಡಾಶಯವನ್ನೂ ನೋಡಬೇಕು. ಈ ರೋಗಿಯ ಕರುಳು ಸ್ವಚ್ಛವಾಗಿತ್ತು.

ಸಿಟಿ ಸ್ಕ್ಯಾನಿನಲ್ಲಿ ಹೊಟ್ಟೆಯ ನಟ್ಟನಡುಗೆರೆಯಲ್ಲಿ, ಮೂತ್ರಕೋಶದ ನೆತ್ತಿಯ ಮೇಲೆ ಕೂತ 4.6 ಸೆಂಟಿಮೀಟರಿನ ಗಡ್ಡೆ. ಒಳಗೆ ಲೋಳೆ ತುಂಬಿದ ಕಪ್ಪು ಭಾಗ, ಅಂಚಿನಲ್ಲಿ ಸುಣ್ಣದ ಚುಕ್ಕೆಗಳು. ನಡುಗೆರೆಯ ಗಡ್ಡೆಯ ಅಂಚಿನಲ್ಲಿ ಸುಣ್ಣ ಕಂಡರೆ ಯುರೇಕಸ್ ಕ್ಯಾನ್ಸರ್ ಅಲ್ಲವೆಂದು ಸಾಬೀತಾಗುವವರೆಗೆ ಅದೇ ಎಂದು ಹಿಡಿಯಬೇಕು. ಶ್ವಾಸಕೋಶದಲ್ಲಿ ಏನೂ ಇಲ್ಲ, ದುಗ್ಧಗ್ರಂಥಿಗಳು (ಲಿಂಫ್ ನೋಡ್) ಊದಿಲ್ಲ. ಎಂಆರ್‌ಐನಲ್ಲಿ ಹೊಟ್ಟೆಯ ಸ್ನಾಯುವಿಗೂ ಗಡ್ಡೆಗೂ ನಡುವೆ ಕೊಬ್ಬಿನ ತೆಳುಗೆರೆ ಉಳಿದಿತ್ತು. ಇಂಥ ಕ್ಯಾನ್ಸರುಗಳಲ್ಲಿ ಏರಬಹುದಾದ ಸಿಇಎ ಎಂಬ ಪ್ರೋಟೀನು ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ 14 ನ್ಯಾನೋಗ್ರಾಂ, 5ರ ಒಳಗಿರಬೇಕಾದದ್ದು.

ಮೂತ್ರಕೋಶ ಉಳಿಸಬಹುದೇ

ಸ್ನಾಯುವಿನೊಳಕ್ಕೆ ಇಳಿದ ಸಾಮಾನ್ಯ ಮೂತ್ರಕೋಶದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೆಂದರೆ ಸಾಮಾನ್ಯವಾಗಿ ಇಡೀ ಮೂತ್ರಕೋಶ ತೆಗೆಯುವುದೇ. ಅಲ್ಲಿ ಒಳಪದರವೆಲ್ಲ ಕೆಟ್ಟಿರುತ್ತದೆ. ಇಂದು ಒಂದು ಕಡೆ ಕತ್ತರಿಸಿದರೆ ನಾಳೆ ಇನ್ನೊಂದು ಕಡೆ ಏಳುತ್ತದೆ. ಯುರೇಕಸ್ ಕ್ಯಾನ್ಸರ್ ಹಾಗಲ್ಲ. ಹೊರಗಿನಿಂದ ಬಂದು ಒಂದೇ ಜಾಗದಲ್ಲಿ ಗೋಡೆ ಕೊರೆದ ಗಡ್ಡೆ ಇದು. ಉಳಿದ ಒಳಪದರಕ್ಕೆ ಏನೂ ಆಗಿರುವುದಿಲ್ಲ. ನೆತ್ತಿಯ ಭಾಗ ಸಡಿಲವಾಗಿಯೂ ಇರುತ್ತದೆ. ಕಿಡ್ನಿಯಿಂದ ಮೂತ್ರ ತರುವ ನಾಳಗಳ ಬಾಯಿಗಳು ದೂರ, ಬುಡದಲ್ಲಿವೆ. ಹೀಗಾಗಿ ಅಂಚು ಸ್ವಚ್ಛವಾಗಿ ಸಿಗುವುದಾದರೆ ಇಡೀ ಮೂತ್ರಕೋಶ ತೆಗೆದವರಿಗಿಂತ ಭಾಗಶಃ ತೆಗೆದವರು ಕಡಿಮೆ ಬದುಕುವುದಿಲ್ಲವೆಂದು ಈವರೆಗಿನ ಅನುಭವ ತೋರಿಸಿದೆ. ಸಣ್ಣಕರುಳಿನ ತುಂಡಿನಿಂದ ಹೊಟ್ಟೆಯ ಮೇಲೆ ಬಾಯಿ ಮಾಡಿ ಜೀವನಪೂರ್ತಿ ಚೀಲ ಕಟ್ಟಿಕೊಳ್ಳುವುದನ್ನು ಇಂಥವರ ಮೇಲೆ ಹೇರುವುದಕ್ಕೆ ಕಾರಣವಿಲ್ಲ.

ಉಳಿಸುವುದು ಮೂತ್ರಕೋಶವನ್ನು, ಯುರೇಕಸ್ಸನ್ನಲ್ಲ. ಹೊಕ್ಕುಳ, ಅಲ್ಲಿಂದ ಕೆಳಗೆ ಇಡೀ ಯುರೇಕಸ್, ಅದರ ಎರಡೂ ಬದಿಯ ಪೆರಿಟೋನಿಯಂ ಮತ್ತು ಕೊಬ್ಬು, ಮೂತ್ರಕೋಶದ ನೆತ್ತಿ ಇಷ್ಟೂ ಒಂದೇ ತುಂಡಾಗಿ ಹೊರಬರಬೇಕು. ಗಡ್ಡೆ ಕೆಳಗಿದೆ, ಹೊಕ್ಕುಳ ಚೆನ್ನಾಗಿದೆಯೆಂದು ನಡುವೆ ಕತ್ತರಿಸುವುದು ಈ ಶಸ್ತ್ರಚಿಕಿತ್ಸೆಯಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಯುರೇಕಸ್‌ನ ಎಳೆಯ ಉದ್ದಕ್ಕೂ ಕೋಶಗಳು ಹರಡಿರಬಹುದು. ಹೊಕ್ಕುಳ ಬಿಟ್ಟವರಲ್ಲಿ ಅಲ್ಲೇ ಮರುಕಳಿಸಿದ ಉದಾಹರಣೆಗಳಿವೆ. ಸಣ್ಣ ತೂತಿನ ಶಸ್ತ್ರಚಿಕಿತ್ಸೆಯೆಂಬ ಕಾರಣಕ್ಕೆ ತೆಗೆಯುವ ತುಂಡು ಚಿಕ್ಕದಾಗಕೂಡದು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಬರುವ ತುಂಡೇ ಇಲ್ಲೂ ಬರುವುದಾದರೆ ಮಾತ್ರ ರೋಬೋ ಇರಲಿ, ಲ್ಯಾಪರೋಸ್ಕೋಪ್ ಇರಲಿ, ಹಿಡಿಯಬೇಕು. ರೋಬೋ ಇಲ್ಲದ ಕಡೆ ಹೊಲಿಗೆಯಲ್ಲಿ ಕೈ ಪಳಗಿದವರು ಸಾಮಾನ್ಯ ಲ್ಯಾಪರೋಸ್ಕೋಪಿಯಲ್ಲೇ ಇದನ್ನು ಮಾಡುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಹೊಕ್ಕುಳ ಹೋಗುತ್ತದೆಂದು ಬಾಯಿಬಿಟ್ಟು ಹೇಳಬೇಕು. ಮೂತ್ರಕೋಶದ ಬಗ್ಗೆ ಕೇಳದವರು ಇದನ್ನು ಕೇಳುತ್ತಾರೆ. ತಾಯಿಯ ನಂಟಿನ ಗುರುತದು, ಸೀರೆ, ಪಂಚೆ ನಿಲ್ಲುವ ಜಾಗದ ಹತ್ತಿರದ ಗಾಯ ಅದು, ಕೇಳುವುದು ಸಹಜ. ಚರ್ಮವನ್ನು ಒಳಕ್ಕೆ ಹೊಲಿದು ಗುಳಿ ಮಾಡಿಕೊಡಬಹುದು.

ಶಸ್ತ್ರಚಿಕಿತ್ಸೆ

ರೋಗಿಯ ಕಾಲುಗಳನ್ನು ಅಗಲಿಸಿ, ತಲೆಯ ಕಡೆ 20ರಿಂದ 25 ಡಿಗ್ರಿ ತಗ್ಗಿಸಿ ಮಲಗಿಸುತ್ತಾರೆ. ಕರುಳು ಮೇಲಕ್ಕೆ ಸರಿಯುತ್ತದೆ, ಕೆಳಗಿನಿಂದ ಸಿಸ್ಟೋಸ್ಕೋಪ್ ಹಾಕಲೂ ದಾರಿ ಉಳಿಯುತ್ತದೆ. ಮೂತ್ರ ಹೊರಬಿಡುವ ನಳಿಕೆಯಾದ ಕ್ಯಾಥೆಟರನ್ನು ಶುಚಿ ಬಟ್ಟೆ ಹೊದಿಸಿದ ಮೇಲೆಯೇ ಹಾಕಬೇಕು, ನಡುವೆ ಹಲವು ಸಲ ತೆಗೆದು ಹಾಕಬೇಕಾಗುತ್ತದೆ.

ರೋಬೋದಿಂದ ಮಾಡುವ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ ಕ್ಯಾಮರಾ ತೂತು ಹೊಕ್ಕುಳದ ಹತ್ತಿರವೇ ಇರುತ್ತದೆ. ಇಲ್ಲಿ ಆ ಅಭ್ಯಾಸ ಬಿಡಬೇಕು. ಹೊಕ್ಕುಳವೇ ತೆಗೆಯಬೇಕಾದ ತುಂಡಿನ ಮೇಲ್ತುದಿ. ಅದರ ಮೂಲಕ ತೂತು ಹಾಕಿದರೆ ಕ್ಯಾನ್ಸರಿನ ದಾರಿಯನ್ನೇ ಕೊರೆದಂತೆ. ಕ್ಯಾಮರಾ ಹೊಕ್ಕುಳದಿಂದ ಐದಾರು ಸೆಂಟಿಮೀಟರ್ ಮೇಲೆ ಹೋಗಬೇಕು, ಉಪಕರಣಗಳು ಹೋಗುವ ಉಳಿದ 8 ಮಿಲಿಮೀಟರಿನ ಪೋರ್ಟುಗಳೂ ಅದೇ ಲೆಕ್ಕದಲ್ಲಿ ಮೇಲಕ್ಕೆ. ಹಾಗೆ ಮಾಡದಿದ್ದರೆ ಕತ್ತರಿ ಹೊಕ್ಕುಳದ ಮೇಲಂಚಿಗೆ ಎಟುಕುವುದಿಲ್ಲ, ಕ್ಯಾಮರಾ ಗಡ್ಡೆಯ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತದೆ. ಮೊದಲ ಗಾಳಿ ತುಂಬಲು ಎಡಗಡೆಯ ಪಕ್ಕೆಲುಬಿನ ಕೆಳಗೆ ಸೂಜಿ ಹಾಕುವುದು ಅನುಕೂಲ. ಒತ್ತಡ 12ರಿಂದ 15 ಮಿಲಿಮೀಟರ್ ಪಾದರಸ.

ಕತ್ತರಿ ಹಿಡಿಯುವ ಮುಂಚೆ ಹೊಟ್ಟೆಯೊಳಗೆಲ್ಲ ಒಮ್ಮೆ ನೋಡಬೇಕು: ಪೆರಿಟೋನಿಯಂ, ಕರುಳ ಮೇಲಿನ ಕೊಬ್ಬಿನ ಸೆರಗು, ಲಿವರಿನ ಮೇಲ್ಮೈ. ಬಿಳಿ ಕಾಳುಗಳೋ ಲೋಳೆಯ ತೇಪೆಗಳೋ ಕಂಡರೆ ತುಣುಕು ತೆಗೆದು ಅಲ್ಲಿಗೇ ನಿಲ್ಲಿಸಬೇಕು, ದಾರಿಯೇ ಬೇರೆ. ಈ ರೋಗಿಯಲ್ಲಿ ಅಂಥದ್ದೇನೂ ಇರಲಿಲ್ಲ.

ಹೊಟ್ಟೆಯ ಮುಂಗೋಡೆಯ ಒಳಮುಖದಲ್ಲಿ ಐದು ಮಡಿಕೆಗಳು ಕಾಣುತ್ತವೆ. ನಡುವಿನದು ಯುರೇಕಸ್. ಅದರ ಎರಡು ಬದಿಗೆ ಗರ್ಭಕಾಲದ ಹೊಕ್ಕುಳ ರಕ್ತನಾಳಗಳು ಬತ್ತಿ ಉಳಿದ ಎರಡು ಹುರಿಗಳು. ಇನ್ನೂ ಹೊರಗೆ, ಜೀವಂತ ರಕ್ತನಾಳಗಳ ಎರಡು ಮಡಿಕೆಗಳು, ಅವನ್ನು ಮುಟ್ಟಬಾರದು. ಹೊಕ್ಕುಳದ ಮೇಲಿನಿಂದ ಶುರು ಮಾಡಿ, ಬತ್ತಿದ ಹುರಿಗಳ ಹೊರಬದಿಯಲ್ಲಿ, ಎರಡೂ ಕಡೆ ಕೆಳಮುಖವಾಗಿ ಪೆರಿಟೋನಿಯಂ ಕತ್ತರಿಸುತ್ತ ಇಳಿಯಬೇಕು. ಆಗ ಹುರಿಗಳೆರಡೂ ಯುರೇಕಸ್ಸಿನ ಜೊತೆ ತುಂಡಿಗೇ ಸೇರುತ್ತವೆ. ಹೊಕ್ಕುಳದ ಹತ್ತಿರ ಸ್ನಾಯುವಿನ ಹಿಂದಿನ ಗಟ್ಟಿ ಪೊರೆಯನ್ನೂ ಸೇರಿಸಿಕೊಳ್ಳಬೇಕು. ಕೆಳಗೆ ಬಂದಂತೆ ಆ ಪೊರೆ ಇಲ್ಲವಾಗಿ ಸ್ನಾಯುವಿನ ಕೆಂಪು ಬರಿದಾಗಿ ಕಾಣುತ್ತದೆ. ಅಲ್ಲಿ ಸಣ್ಣ ರಕ್ತನಾಳಗಳು ಸುಲಭವಾಗಿ ಒಸರುತ್ತವೆ. ಗಡ್ಡೆ ಎಲ್ಲಾದರೂ ಸ್ನಾಯುವಿಗೆ ಅಂಟಿದಂತಿದ್ದರೆ ಬಿಡಿಸಲು ಹೋಗದೆ ಆ ಸ್ನಾಯುವಿನ ತೇಪೆಯನ್ನೂ ತುಂಡಿನೊಂದಿಗೇ ತೆಗೆಯಬೇಕು.

ಈ ಹೊತ್ತಿನಲ್ಲೆಲ್ಲ ಗಡ್ಡೆಯನ್ನು ಇಕ್ಕಳದಿಂದ ಹಿಡಿಯಕೂಡದು. ಎಳೆಯಬೇಕಾದರೆ ಹುರಿಯನ್ನೋ ಪೆರಿಟೋನಿಯಮ್ಮಿನ ಅಂಚನ್ನೋ ಹಿಡಿದು ಎಳೆಯಬೇಕು. ಗಡ್ಡೆಯ ಹೊದಿಕೆ ಮಾಗಿದ ಟೊಮೆಟೊದ ಸಿಪ್ಪೆಯಷ್ಟು ತೆಳುವಾಗಿರಬಹುದು. ಒಡೆದು ಲೋಳೆ ಚೆಲ್ಲಿದರೆ ಅದರೊಳಗಿನ ಕೋಶಗಳು ಪೆರಿಟೋನಿಯಂ ಮೇಲೆ ಕೂತು ಬೆಳೆಯುತ್ತವೆ, ಗುಣವಾಗಬಹುದಾಗಿದ್ದ ಕಾಯಿಲೆ ಕೈಮೀರುತ್ತದೆ.

ಮೂತ್ರಕೋಶದ ಮುಂದಿನ ಸಡಿಲ ಜಾಗ ಬಿಡಿಸಿಕೊಂಡ ಮೇಲೆ ಎಷ್ಟು ಕತ್ತರಿಸಬೇಕೆಂಬ ಪ್ರಶ್ನೆ. ಹೊರಗಿನಿಂದ ನೋಡಿದರೆ ಗಡ್ಡೆಯ ಅಂಚು ಕಾಣುವುದಿಲ್ಲ, ಕೊಬ್ಬು ಮುಚ್ಚಿರುತ್ತದೆ. ಮೂತ್ರಕೋಶಕ್ಕೆ ಸುಮಾರು 200 ಮಿಲಿಲೀಟರ್ ದ್ರವ ತುಂಬಿ, ಕೆಳಗಿನಿಂದ ಸಿಸ್ಟೋಸ್ಕೋಪ್ ಹಾಕಿ, ಅದರ ಬೆಳಕನ್ನು ಗಡ್ಡೆಯಿಂದ 2 ಸೆಂಟಿಮೀಟರ್ ಆಚೆಗೆ ಗೋಡೆಗೆ ಹಿಡಿಯುತ್ತಾರೆ. ಮೇಲಿನ ಕ್ಯಾಮರಾದ ಬೆಳಕು ತಗ್ಗಿಸಿದರೆ ಗೋಡೆಯ ಆಚೆಯಿಂದ ಬೆಳಕಿನ ಚುಕ್ಕೆ ಹೊಳೆಯುತ್ತದೆ, ಬೆರಳ ಸಂದಿಯಲ್ಲಿ ಟಾರ್ಚ್ ಹಿಡಿದಂತೆ. ಆ ಚುಕ್ಕೆಗಳ ಮೇಲೆ ಕರೆಂಟಿನಿಂದ ಗುರುತು ಸುಡುತ್ತ ಒಂದು ಸುತ್ತು ಬರಬೇಕು. ಟಿಯುಆರ್‌ಬಿಟಿಯ ಹಳೆ ಗಾಯವೂ ಈ ಸುತ್ತಿನೊಳಗೇ ಬಿದ್ದಿರಬೇಕು.

ಕತ್ತರಿಸುವ ಮುಂಚೆ ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಬೇಕು. ಇದನ್ನು ಮರೆತರೆ ತುಂಬಿದ ಅಷ್ಟೂ ದ್ರವ, ಗಡ್ಡೆ ತೊಳೆದ ನೀರು, ಹೊಟ್ಟೆಯೊಳಗೆ. ಬದಿಗಳಲ್ಲಿ ಬರುವ ರಕ್ತನಾಳಗಳಿಗೆ ಕ್ಲಿಪ್ ಹಾಕಿ, ಗಡ್ಡೆಯಿಂದ ದೂರದ ಅಂಚಿನಲ್ಲಿ ಮೊದಲ ಸೀಳು. ಸೀಳಿನ ಎರಡು ಮೂಲೆಗೆ ಒಂದೊಂದು ದಾರ ಹಾಕಿ ಎತ್ತಿ ಹಿಡಿದರೆ ಒಳಭಾಗ ಕಾಣುತ್ತದೆ. ಮುಂದಿನದೆಲ್ಲ ಗಡ್ಡೆಯನ್ನೂ ನಾಳಗಳ ಬಾಯಿಗಳನ್ನೂ ಕಣ್ಣಾರೆ ನೋಡುತ್ತಲೇ ಕತ್ತರಿಸುವುದು. ತುಂಡಿನ ಕೆಳತುದಿ ಬಿಟ್ಟ ಕೂಡಲೇ ಅದನ್ನು ಹೊಟ್ಟೆಯೊಳಗೆ ಬಿಟ್ಟ ಸಣ್ಣ ಚೀಲದೊಳಗೆ ಇಳಿಸಿ, ಮೇಲಿನ ಹುರಿಯ ಸುತ್ತ ಚೀಲದ ಬಾಯಿ ಬಿಗಿಯಬೇಕು. ಆಮೇಲೆಯೇ ಉಳಿದ ಕೆಲಸ.

ಉಳಿದ ಮೂತ್ರಕೋಶದ ಅಂಚಿನ ನಾಲ್ಕು ದಿಕ್ಕಿನಿಂದ ತುಣುಕು ತೆಗೆದು ಫ್ರೋಜನ್ ಸೆಕ್ಷನ್‌ಗೆ, ಅಂದರೆ ಹೆಪ್ಪುಗಟ್ಟಿಸಿ ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸಿದರು. ಅಂಚಿನಲ್ಲಿ ಕ್ಯಾನ್ಸರ್ ಉಳಿಯಿತೆಂದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ತೀರ ಹೆಚ್ಚು. ಹೆಚ್ಚು ಕತ್ತರಿಸಲು ಆಗಲೇ ಅವಕಾಶ, ಆಮೇಲಲ್ಲ. ನಾಲ್ಕೂ ಸ್ವಚ್ಛವೆಂದು ಫೋನ್ ಬರುವ ಹೊತ್ತಿಗೆ ಎರಡೂ ಬದಿಯ ದುಗ್ಧಗ್ರಂಥಿಗಳನ್ನು ತೆಗೆದಾಗಿತ್ತು. ಇದರಿಂದ ಆಯುಸ್ಸು ಹೆಚ್ಚುತ್ತದೆಯೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂಬುದು ಮಾತ್ರ ಇದರಿಂದ ನಿಖರವಾಗಿ ತಿಳಿಯುತ್ತದೆ.

ಹೊಲಿಗೆ ಎರಡು ಪದರ: ಒಳಗಿನದಕ್ಕೆ 3-0 ದಪ್ಪದ ದಾರ, ಸ್ನಾಯುವಿನದಕ್ಕೆ ಇನ್ನೂ ದಪ್ಪದ 2-0, ಎರಡೂ ಕರಗುವವು. ಕರಗದ ದಾರವೋ ಸ್ಟೇಪಲ್ ಪಿನ್ನೋ ಮೂತ್ರಕ್ಕೆ ತಾಗುವಂತಿದ್ದರೆ ಅದರ ಸುತ್ತ ಕಲ್ಲು ಕಟ್ಟುತ್ತದೆ. ಮತ್ತೆ 200 ಮಿಲಿಲೀಟರ್ ತುಂಬಿ ನೋಡಿದಾಗ ಎಡಮೂಲೆಯಲ್ಲಿ ಹನಿ ಒಸರಿತು. ಸೋರುವುದು ಹೆಚ್ಚಾಗಿ ಮೂಲೆಯಲ್ಲೇ, ಮೊದಲ ಹೊಲಿಗೆ ಮೂಲೆಯಿಂದ ಆಚೆಗೆ ಶುರುವಾಗಿಲ್ಲದ ಕಾರಣಕ್ಕೆ. ಅಲ್ಲಿ ಇನ್ನೊಂದು ಹೊಲಿಗೆ ಬಿತ್ತು. ಕೊನೆಗೆ ಹೊರಗಿನಿಂದ ಹೊಕ್ಕುಳದ ಸುತ್ತ ಕಣ್ಣಿನಾಕಾರದಲ್ಲಿ ಚರ್ಮ, ಅದರ ಕೆಳಗಿನ ಗಟ್ಟಿ ಪೊರೆ ಕೊಯ್ದು, ಹೊಕ್ಕುಳ ಮತ್ತು ಚೀಲವನ್ನು ಒಟ್ಟಿಗೇ ಹೊರತೆಗೆದರು. ತುಂಡು ತೆಗೆಯಲು ಬೇರೆ ಗಾಯ ಬೇಕಾಗಲಿಲ್ಲ. ಈ ಪೊರೆಯ ಹೊಲಿಗೆಯಲ್ಲಿ ಅವಸರ ಮಾಡಿದರೆ ಮುಂದೆ ಹರ್ನಿಯಾ ಗ್ಯಾರಂಟಿ.

ಆಮೇಲಿನ ದಿನಗಳು

20 ನಂಬರಿನ ಕ್ಯಾಥೆಟರ್ ಹಾಕಿದ್ದು ಲೆಕ್ಕ ಹಾಕಿಯೇ. ಸಣ್ಣದಾದರೆ ರಕ್ತದ ಗಂಟು ಸಿಕ್ಕಿಕೊಳ್ಳುತ್ತದೆ, ಮೂತ್ರಕೋಶ ಉಬ್ಬುತ್ತದೆ, ಹಸಿ ಹೊಲಿಗೆ ಬಿಡುತ್ತದೆ. ಚೀಲಕ್ಕೆ ಮೂತ್ರ ಬರುವುದು ನಿಂತರೆ ಅರ್ಧ ಗಂಟೆ ಕಾಯುವುದೂ ತಪ್ಪು; 50 ಮಿಲಿಲೀಟರ್ ಸಿರಿಂಜಿನಿಂದ ಸಲೈನ್ ಮೆಲ್ಲಗೆ ಬಿಟ್ಟು ಎಳೆಯಬೇಕು. ಮರುದಿನ ರೋಗಿ ಎದ್ದು ನಡೆದರು, ಗಂಜಿ ಕುಡಿದರು.

ಎರಡನೆಯ ದಿನ ಡ್ರೇನಿನಲ್ಲಿ (ಹೊಟ್ಟೆಯಿಂದ ದ್ರವ ಹೊರಬಿಡಲು ಇಟ್ಟ ಕೊಳವೆ) 300 ಮಿಲಿಲೀಟರ್ ಬಂತು. ಅದು ಮೂತ್ರವೋ, ದುಗ್ಧಗ್ರಂಥಿ ತೆಗೆದ ಜಾಗದ ನೀರೋ? ಬಣ್ಣದಿಂದ ಹೇಳಲಾಗದು. ಕಿಡ್ನಿ ಮೂತ್ರಕ್ಕೆ ಹೊರಹಾಕುವ ಕ್ರಿಯಾಟಿನಿನ್ ಆ ದ್ರವದಲ್ಲಿ ಎಷ್ಟಿದೆಯೆಂದು ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ: ರಕ್ತದಲ್ಲಿರುವಷ್ಟೇ ಇದ್ದರೆ ನೀರು, ಅದರ ಹಲವು ಪಟ್ಟಿದ್ದರೆ ಮೂತ್ರ. ಇಲ್ಲಿ ರಕ್ತದಷ್ಟೇ ಇತ್ತು. ನಾಲ್ಕನೆಯ ದಿನ ಡ್ರೇನ್ ತೆಗೆದರು. ಮೂತ್ರ ನಿಜವಾಗಿ ಸೋರಿದಾಗ ಪೆರಿಟೋನಿಯಂ ಅದನ್ನು ಹೀರಿ ರಕ್ತಕ್ಕೆ ಮರಳಿಸುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತದೆ, ಕಿಡ್ನಿ ಕೈಕೊಟ್ಟಿತೆಂದು ಗಾಬರಿಯಾಗುತ್ತದೆ. ಕಿಡ್ನಿಗೆ ಏನೂ ಆಗಿರುವುದಿಲ್ಲ. ಹೊಟ್ಟೆ ಉಬ್ಬಿ ಮೂತ್ರ ಕಡಿಮೆಯಾದರೆ ಮೊದಲು ಕ್ಯಾಥೆಟರ್ ನೋಡಬೇಕು.

ಹತ್ತನೆಯ ದಿನ ಕ್ಯಾಥೆಟರಿನ ಮೂಲಕ ಬಣ್ಣ ತುಂಬಿ ಎಕ್ಸ್‌ರೇ ತೆಗೆದು, ಸೋರಿಕೆಯಿಲ್ಲವೆಂದು ಖಾತ್ರಿಯಾದ ಮೇಲೆ ಕ್ಯಾಥೆಟರ್ ತೆಗೆದರು. ಮೊದಲ ವಾರಗಳಲ್ಲಿ ಗಂಟೆಗೊಮ್ಮೆ ಏಳಬೇಕಾಗುತ್ತದೆ, ರಾತ್ರಿ ನಾಲ್ಕೈದು ಸಲ. ಇದನ್ನು ಮುಂಚೆಯೇ ಹೇಳದಿದ್ದರೆ ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಮನೆಯವರು ಕಂಗಾಲಾಗುತ್ತಾರೆ. ಉಳಿದ ಗೋಡೆ ಹಿಗ್ಗುತ್ತ ಬಂದು ಮೂರರಿಂದ ಆರು ತಿಂಗಳಲ್ಲಿ ಹೆಚ್ಚಿನವರಿಗೆ ಸರಿಹೋಗುತ್ತದೆ.

ಪೆಥಾಲಜಿ ವರದಿ: ಗಡ್ಡೆ ಮೂತ್ರಕೋಶದ ಸ್ನಾಯು ದಾಟಿ ಹೊರಗಿನ ಕೊಬ್ಬಿಗೆ ತಲುಪಿದೆ. ಹತ್ತಿರದ ಅಂಚು 14 ಮಿಲಿಮೀಟರ್ ದೂರ, ಹೊಕ್ಕುಳ ಸ್ವಚ್ಛ, 16 ಗ್ರಂಥಿಗಳಲ್ಲಿ ಒಂದರಲ್ಲೂ ಕ್ಯಾನ್ಸರ್ ಇಲ್ಲ. ಕಾಯಿಲೆ ಎಷ್ಟು ಮುಂದುವರಿದಿದೆಯೆಂದು ಹೇಳುವ ವರ್ಗೀಕರಣಗಳು ಎರಡು. 1984ರ ಶೆಲ್ಡನ್ ವರ್ಗೀಕರಣದಲ್ಲಿ ಇದು 3ಎ. ಮೂತ್ರಕೋಶ ಮುಟ್ಟಿದ ಎಲ್ಲವೂ ಅಲ್ಲಿ 3ಎ ಆಗುವುದರಿಂದ ಹೆಚ್ಚಿನ ರೋಗಿಗಳು ಅದೇ ಒಂದು ಡಬ್ಬಿಗೆ ಬೀಳುತ್ತಾರೆ. ಮೇಯೋ ವರ್ಗೀಕರಣದಲ್ಲಿ ಇದು 2ನೇ ಹಂತ. ಮುಂದೇನಾಗಬಹುದೆಂದು ರೋಗಿಗೆ ಹೇಳಲು ಅದೇ ಹೆಚ್ಚು ಉಪಯೋಗ.

ಕೀಮೋ ಬೇಕೇ? ಕಾಯಿಲೆ ಅಪರೂಪವಾದ್ದರಿಂದ ಎರಡು ಗುಂಪು ಮಾಡಿ ಹೋಲಿಸಿ ನೋಡಿದ ದೊಡ್ಡ ಅಧ್ಯಯನಗಳಿಲ್ಲ. ಗ್ರಂಥಿಗೆ ಹರಡಿದ್ದರೆ, ಅಂಚಿನಲ್ಲಿ ಉಳಿದಿದ್ದರೆ ಕೊಡುವ ಕಡೆ ಒಲವು. ಆಗ ಆಯ್ಕೆ ಕರುಳಿನ ಕ್ಯಾನ್ಸರಿನ ಔಷಧಿಗಳದ್ದು, ಅಂದರೆ 5-ಎಫ್‌ಯು ಜೊತೆಗೆ ಆಕ್ಸಾಲಿಪ್ಲಾಟಿನ್; 5-ಎಫ್‌ಯು ಜೊತೆಗೆ ಸಿಸ್‌ಪ್ಲಾಟಿನ್ ಕೊಡುವುದೂ ಉಂಟು. ಸಾಮಾನ್ಯ ಮೂತ್ರಕೋಶದ ಕ್ಯಾನ್ಸರಿನ ಔಷಧಿಪಟ್ಟಿಯನ್ನು ಕಣ್ಮುಚ್ಚಿ ಇಲ್ಲಿಗೆ ತರಬಾರದು. ಮೂತ್ರಕೋಶಕ್ಕೆ ಬಿಸಿಜಿ (ಕ್ಷಯದ ಲಸಿಕೆಯ ಔಷಧಿ) ಹಾಕುವುದಂತೂ ವ್ಯರ್ಥ, ಅದು ಒಳಪದರದ ಕಾಯಿಲೆಯ ಮದ್ದು. ಈ ರೋಗಿಗೆ ಕೀಮೋ ಕೊಡದೆ ಗಮನದಲ್ಲಿಟ್ಟರು.

ಗಡ್ಡೆ 8 ಸೆಂಟಿಮೀಟರ್ ದಾಟಿ ಹೊಟ್ಟೆಯ ಗೋಡೆಗೋ ಕರುಳಿಗೋ ಅಂಟಿದ್ದರೆ ಇಷ್ಟೆಲ್ಲವನ್ನೂ ತೂತುಗಳಿಂದ ಮಾಡಲು ಹಟ ಹಿಡಿಯಬಾರದು. ನಡುಗೆರೆಯಲ್ಲಿ ಕೊಯ್ದು ತೆರೆಯುವುದು ಸೋಲಲ್ಲ. ಇನ್ನೊಂದು ಎಚ್ಚರಿಕೆ ಬೇರೆ ಅಪರೂಪದ ಗಡ್ಡೆಯದು. ಮೂತ್ರ ಮಾಡುವಾಗಲೇ ತಲೆನೋವು, ಎದೆಬಡಿತ, ಬೆವರು ಬರುವವರಲ್ಲಿ ಅದು ಅಡ್ರಿನಲಿನ್‌ನಂಥ ಹಾರ್ಮೋನು ಸುರಿಸುವ ಪ್ಯಾರಾಗ್ಯಾಂಗ್ಲಿಯೋಮಾ ಆಗಿರಬಹುದು. ಅದನ್ನೂ ಭಾಗಶಃ ತೆಗೆದು ಮೂತ್ರಕೋಶ ಉಳಿಸುತ್ತಾರೆ, ಆದರೆ ಆ ಹಾರ್ಮೋನುಗಳನ್ನು ಪತ್ತೆ ಮಾಡುವ ಮೆಟಾನೆಫ್ರಿನ್ ಪರೀಕ್ಷೆ ಮತ್ತು ರಕ್ತದೊತ್ತಡದ ಸಿದ್ಧತೆಯಿಲ್ಲದೆ ಬಯಾಪ್ಸಿಗೂ ಕೈ ಹಾಕಿದರೆ ಮೇಜಿನ ಮೇಲೆಯೇ ಒತ್ತಡ ಜೀವಕ್ಕೆ ಅಪಾಯವಾಗುವಷ್ಟು ಏರಬಹುದು.

ಆರನೆಯ ವಾರ ಸಿಇಎ 2.1ಕ್ಕೆ ಇಳಿದಿತ್ತು. ಇಳಿಯದೆ ನಿಂತಿದ್ದರೆ ಎಲ್ಲೋ ಕಾಯಿಲೆ ಉಳಿದಿದೆಯೆಂದು ಹುಡುಕಬೇಕಿತ್ತು. ಯುರೇಕಸ್ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ, ಸೊಂಟದ ಕುಹರದಲ್ಲಿ, ಪೆರಿಟೋನಿಯಂನಲ್ಲಿ, ಶ್ವಾಸಕೋಶದಲ್ಲಿ. ಸಿಸ್ಟೋಸ್ಕೋಪಿಯಲ್ಲಿ ಹೊಲಿಗೆಯ ಗೆರೆ ಚೆನ್ನಾಗಿ ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ, ಗಡ್ಡೆ ಗೋಡೆಯ ಆಚೆ ಬೆಳೆಯುತ್ತಿರಬಹುದು. ಆದ್ದರಿಂದ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ, ಸಿಇಎ, ಜೊತೆಗೆ ಎದೆಯಿಂದ ಸೊಂಟದವರೆಗಿನ ಸಿಟಿ. ಆಮೇಲೆ ಐದು ವರ್ಷದವರೆಗೆ ಅಂತರ ಹೆಚ್ಚಿಸುತ್ತ ಹೋಗುವುದು. ಶ್ವಾಸಕೋಶದಲ್ಲಿ ಒಂದೇ ಗಂಟು ಕಂಡರೆ ಅದನ್ನು ತೆಗೆದು ಮತ್ತೆ ವರ್ಷಗಟ್ಟಲೆ ಬದುಕಿದವರಿದ್ದಾರೆ. ಹೊಲಿಗೆಯ ಗೆರೆಯಲ್ಲಷ್ಟೇ ಮರಳಿ ಬಂದರೆ ಆಗ ಇಡೀ ಮೂತ್ರಕೋಶ ತೆಗೆಯುವ ದಾರಿ ಇನ್ನೂ ತೆರೆದಿರುತ್ತದೆ.